ಗುಸ್ ದುರ್: ಮದುವೆ ನೋಂದಣಿಯವರೆಗೆ ಹೋದ ಸೌಹಾರ್ದ

ಸರ್ವಧರ್ಮ ಸೌಹಾರ್ದಕ್ಕೆ ಉದಾಹರಣೆ ಕೊಡಿ ಎಂದರೆ ನಾವೆಲ್ಲ ದೀಪ ಬೆಳಗಿಸುವ ವೇದಿಕೆಯನ್ನೂ, ಅಲ್ಲಿ ಪಕ್ಕಪಕ್ಕ ಕುಳಿತ ಸ್ವಾಮೀಜಿ, ಪಾದ್ರಿ, ಮೌಲ್ವಿಗಳನ್ನೂ ಬರೆದು ಮುಗಿಸುತ್ತೇವೆ. ಇಂಡೊನೇಷ್ಯಾದ ಮುಸ್ಲಿಂ ಮುಖಂಡ ಅಬ್ದುರ್ರಹ್ಮಾನ್ ವಾಹಿದ್ (ಗುಸ್ ದುರ್) ಅವರನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮದುವೆ ನೋಂದಣಿಯ ತಕರಾರು. ಪರೀಕ್ಷೆಗೆ ಓದುವವರಿಗಾಗಿ ಬರೆದ ಈ ಟಿಪ್ಪಣಿಯನ್ನೂ ಅಲ್ಲಿಂದಲೇ ಆರಂಭಿಸುತ್ತೇನೆ.

1990ರ ದಶಕದ ನಡುಭಾಗ. ಸುರಬಾಯಾ ನಗರದಲ್ಲಿ ಚೀನೀ ಮೂಲದ ಜೋಡಿಯೊಂದು ಚೀನಾದ ದಾರ್ಶನಿಕ ಕನ್ಫ್ಯೂಷಿಯಸ್‌ನ ಹೆಸರಿನ ಕನ್ಫ್ಯೂಷಿಯನ್ ಧರ್ಮದ ವಿಧಿಯಂತೆ ಮದುವೆಯಾಯಿತು. ನೋಂದಣಿ ಕಚೇರಿ ಅದನ್ನು ದಾಖಲಿಸಲು ಒಪ್ಪಲಿಲ್ಲ. ಆಗಿನ ರಾಷ್ಟ್ರಾಧ್ಯಕ್ಷ ಸುಹಾರ್ತೊ ಆಡಳಿತದ ಲೆಕ್ಕದಲ್ಲಿ ಧರ್ಮಗಳು ಐದೇ: ಇಸ್ಲಾಂ, ಪ್ರೊಟೆಸ್ಟಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ. ಕನ್ಫ್ಯೂಷಿಯನ್ ಆದವರು ಕಾಗದದಲ್ಲಿ ಬೌದ್ಧರೋ ಕ್ರೈಸ್ತರೋ ಆಗಬೇಕು, ಇಲ್ಲವಾದರೆ ಮದುವೆಯೇ ಆಗಿಲ್ಲವೆಂದು ಲೆಕ್ಕ. ದಂಪತಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1996ರಲ್ಲಿ ಅವರ ಪರವಾಗಿ ಅಲ್ಲಿಗೆ ಬಂದವರು ದೇಶದ ಅತಿ ದೊಡ್ಡ ಮುಸ್ಲಿಂ ಸಂಘಟನೆಯ ಅಧ್ಯಕ್ಷರು. ಕೆಳಗಿನ ನ್ಯಾಯಾಲಯದಲ್ಲಿ ಸೋತ ದಂಪತಿ ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಆ ಅಧ್ಯಕ್ಷರೇ ವಾಹಿದ್. ಜನ ಕರೆಯುತ್ತಿದ್ದುದು 'ಗುಸ್ ದುರ್' ಎಂದು. ಜಾವಾದಲ್ಲಿ ಧರ್ಮಗುರುವನ್ನು 'ಕಿಯಾಯಿ' ಎನ್ನುತ್ತಾರೆ, ಕಿಯಾಯಿಯ ಮಗನಿಗೆ ಗೌರವದಿಂದ 'ಗುಸ್'. ಹುಟ್ಟಿದ್ದು 1940ರಲ್ಲಿ, ಪೂರ್ವ ಜಾವಾದ ಜೊಂಬಾಂಗ್‌ನಲ್ಲಿ. ಇಸ್ಲಾಮಿ ಪಂಚಾಂಗದ ಎಂಟನೇ ತಿಂಗಳ ನಾಲ್ಕನೇ ದಿನ ಹುಟ್ಟಿದ ಇವರ ಹುಟ್ಟುಹಬ್ಬ ಬಹುಕಾಲ ಆಗಸ್ಟ್ 4ಕ್ಕೇ ನಡೆಯಿತು. ನಿಜವಾದ ದಿನ ಸೆಪ್ಟೆಂಬರ್ 7. ತಾತ ಹಾಶಿಮ್ ಅಶ್ಅರಿ 1926ರಲ್ಲಿ ಆ ಸಂಘಟನೆಯನ್ನು, ಅಂದರೆ ನಹ್ದತುಲ್ ಉಲಮಾವನ್ನು, ಕಟ್ಟಿದವರಲ್ಲಿ ಪ್ರಮುಖರು. ತಂದೆ ದೇಶದ ಧಾರ್ಮಿಕ ವ್ಯವಹಾರಗಳ ಸಚಿವರಾಗಿದ್ದರು. ಕೈರೋದಲ್ಲೂ ಬಾಗ್ದಾದಿನಲ್ಲೂ ಓದಿ ಬಂದ ಮೊಮ್ಮಗ 1984ರಿಂದ 1999ರವರೆಗೆ ತಾತನ ಸಂಘಟನೆಯನ್ನು ಮುನ್ನಡೆಸಿದರು. ಪರೀಕ್ಷೆಗೆ ಇಷ್ಟು ಇಸವಿ ಸಾಕು.

ಹೆಚ್ಚು ಹೊತ್ತು ಕೂರಬೇಕಾದದ್ದು ಅವರ ವಾದದ ಮೂಲದಲ್ಲಿ. ಗುಸ್ ದುರ್ ಅವರನ್ನು ಎಷ್ಟೋ ಮಂದಿ 'ಉದಾರವಾದಿ' ಎಂಬ ಒಂದೇ ಪದದಲ್ಲಿ ಕಟ್ಟಿಹಾಕುತ್ತಾರೆ. ನನಗೆ ಅದು ಸೋಮಾರಿ ಉತ್ತರ ಎನಿಸುತ್ತದೆ. ಅವರು ಕೈಗೆತ್ತಿಕೊಂಡದ್ದು 'ಪೆಸಾಂತ್ರೆನ್' ಎಂಬ ಜಾವಾದ ವಸತಿ ಮದರಸಾಗಳಲ್ಲಿ ತಲೆಮಾರುಗಳಿಂದ ಪಾಠ ಹೇಳುವ ಫಿಕ್ಹ್, ಅಂದರೆ ಇಸ್ಲಾಮಿ ಧರ್ಮಶಾಸ್ತ್ರ. (ಜಾವಾದವರದು ಶಾಫಿ ಪಂಥ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವುದು ಇದನ್ನೇ. ಎರಡೂ ದಡಗಳನ್ನು ಬೆಸೆದದ್ದು ಹಿಂದೂ ಮಹಾಸಾಗರದ ವ್ಯಾಪಾರದ ದಾರಿ.) ಶರೀಅತ್ ಕಾಪಾಡಬೇಕಾದ್ದು ಐದನ್ನು ಎಂದು ಆ ಶಾಸ್ತ್ರ ಹೇಳುತ್ತದೆ: ಜೀವ, ಧರ್ಮ, ಕುಟುಂಬ, ಆಸ್ತಿ, ಬುದ್ಧಿ. ಗುಸ್ ದುರ್ ಕೇಳಿದ್ದು ಸರಳ ಪ್ರಶ್ನೆ. ಈ ರಕ್ಷಣೆ ಮುಸ್ಲಿಮನಿಗೆ ಮಾತ್ರವೋ, ರಾಜ್ಯದ ನೆರಳಿನಲ್ಲಿರುವ ಎಲ್ಲರಿಗೂ ಸಲ್ಲುವುದೋ? ಎಲ್ಲರಿಗೂ ಸಲ್ಲುತ್ತದೆ ಎನ್ನುವುದು ಅವರ ಉತ್ತರ. ಈ ಉತ್ತರ ಒಪ್ಪಿದ ಮೇಲೆ ಧರ್ಮ, ಕುಟುಂಬ ಎರಡೂ ಪಟ್ಟಿಯಲ್ಲೇ ಇರುವಾಗ, ಸುರಬಾಯಾದ ದಂಪತಿಯ ಮದುವೆ ಪತ್ರ ಫಿಕ್ಹ್‌ನ ಒಳಗಿನ ವಿಷಯವೇ ಆಗಿಬಿಡುತ್ತದೆ. ದಯೆಯ ಮಾತೇ ಅಲ್ಲಿ ಏಳುವುದಿಲ್ಲ.

ಇದರ ಜೊತೆಗೆ ಓದಬೇಕಾದವರು ಕಿಯಾಯಿ ಅಹ್ಮದ್ ಸಿದ್ದಿಕ್. ಆ ಕಾಲದಲ್ಲಿ ಸಂಘಟನೆಯ ಉಲಮಾಗಳಿಗೆ, ಅಂದರೆ ಧರ್ಮವಿದ್ವಾಂಸರಿಗೆ, ಹಿರಿಯರಾಗಿದ್ದವರು. ಅವರು ಮೂರು ಬಗೆಯ ಸೋದರತ್ವವನ್ನು ವಿವರಿಸಿದರು: ಮುಸ್ಲಿಮರೊಳಗಿನದು, ಒಂದೇ ನಾಡಿನವರದು, ಒಂದೇ ಮನುಷ್ಯಕುಲದವರದು. ಗುಸ್ ದುರ್ ಅವರಿಗೆ ಕಾಲೂರಲು ಇಂಥ ಹಿರಿಯರ ಒಪ್ಪಿಗೆಯ ನೆಲವಿತ್ತು. ಒಬ್ಬರೇ ಗುಡುಗಿದ್ದರೆ ಹಳ್ಳಿಯ ಮದರಸಾಗಳು ಕಿವಿಗೊಡುತ್ತಿದ್ದವೇ? ಅನುಮಾನ.

ಈ ವಾದಕ್ಕೆ ಪರೀಕ್ಷೆಯ ಕಾಲ ಬೇಗನೆ ಬಂತು. 1996ರ ಅಕ್ಟೋಬರ್ 10ರಂದು ಪೂರ್ವ ಜಾವಾದ ಸಿತುಬೊಂಡೊದಲ್ಲಿ ಗಲಭೆ ಎದ್ದು, ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳು ಸುಟ್ಟವು. ಅದು ನಹ್ದತುಲ್ ಉಲಮಾದ ತವರು ಸೀಮೆ. 'ನಮ್ಮವರಲ್ಲ, ಹೊರಗಿನವರು' ಎಂದು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಗುಸ್ ದುರ್ ಕ್ರೈಸ್ತರ ಕ್ಷಮೆ ಕೇಳಿದರು. ಮುಂದೆ ಸಂಘಟನೆಯ ಯುವ ಕಾವಲು ಪಡೆ 'ಬಾನ್ಸರ್' ಕ್ರಿಸ್ಮಸ್ ರಾತ್ರಿಗಳಲ್ಲಿ ಚರ್ಚುಗಳ ಬಾಗಿಲು ಕಾಯುವುದು ರೂಢಿಯಾಯಿತು. 2000ದ ಡಿಸೆಂಬರ್ 24ರಂದು ದೇಶದ ಹಲವು ಊರುಗಳಲ್ಲಿ ಚರ್ಚುಗಳಿಗೆ ಬಾಂಬ್ ಇಟ್ಟಿದ್ದರು. ಮೊಜೊಕೆರ್ತೊದ ಎಬೆನ್ ಹೇಜರ್ ಚರ್ಚಿನಲ್ಲಿ ಕಾವಲಿಗಿದ್ದ ರಿಯಾಂತೊ ಎಂಬ ಬಾನ್ಸರ್ ಯುವಕ ಅನುಮಾನ ಬಂದ ಪೊಟ್ಟಣವನ್ನು ಎತ್ತಿಕೊಂಡು ಹೊರಗೆ ಓಡಿದರು. ಅದು ಅವರ ಕೈಯಲ್ಲೇ ಸಿಡಿಯಿತು. ಆ ಊರಿನ ಒಂದು ರಸ್ತೆಗೆ ಈಗ ಅವರ ಹೆಸರಿದೆ.

ಅಷ್ಟರಲ್ಲಿ ಗುಸ್ ದುರ್ ರಾಷ್ಟ್ರಾಧ್ಯಕ್ಷರಾಗಿದ್ದರು (ಅಕ್ಟೋಬರ್ 1999 - ಜುಲೈ 2001). 2000ದ ಜನವರಿಯಲ್ಲಿ ಆರನೇ ಸಂಖ್ಯೆಯ ಆದೇಶ ಹೊರಡಿಸಿ, ಚೀನೀ ಆಚರಣೆಗಳು ಬೀದಿಗೆ ಬಾರದಂತೆ ತಡೆದಿದ್ದ ಸುಹಾರ್ತೊ ಕಾಲದ 1967ರ ಸೂಚನೆಯನ್ನು ರದ್ದು ಮಾಡಿದರು. ಮೂರು ದಶಕಗಳ ಮೇಲೆ ಸಿಂಹ ನೃತ್ಯ ಬೀದಿಗಿಳಿಯಿತು. ಚೀನೀ ಹೊಸ ವರ್ಷ ರಾಷ್ಟ್ರೀಯ ರಜೆಯಾದದ್ದು 2003ರಿಂದ, ಗುಸ್ ದುರ್ ನಂತರ ರಾಷ್ಟ್ರಾಧ್ಯಕ್ಷರಾದ ಮೇಘಾವತಿ ಅವರ ಕಾಲದಲ್ಲಿ. ಈ ಎರಡನ್ನೂ ಒಬ್ಬರ ಖಾತೆಗೇ ಬರೆದು ಅಂಕ ಕಳೆದುಕೊಳ್ಳಬೇಡಿ.

ಹೊಗಳಿಕೆಯ ಭರದಲ್ಲಿ ಬಿಟ್ಟುಹೋಗುವ ಒಂದು ಪುಟವಿದೆ. ಮಾಲುಕು ದ್ವೀಪಗಳಲ್ಲಿ ಕ್ರೈಸ್ತ-ಮುಸ್ಲಿಂ ಕಾಳಗ ಅವರ ಆಡಳಿತದಲ್ಲಿ ನಿಲ್ಲಲಿಲ್ಲ. ಜಾವಾದಿಂದ ಲಸ್ಕರ್ ಜಿಹಾದ್ ಎಂಬ ಉಗ್ರ ಮುಸ್ಲಿಂ ಪಡೆ ಅಲ್ಲಿಗೆ ಹೊರಡಬಾರದೆಂದು ಅಧ್ಯಕ್ಷರೇ ಹೇಳಿದರೂ 2000ದಲ್ಲಿ ಹಡಗುಗಳು ಹೊರಟೇ ಹೋದವು. ಸೇನೆ, ಪೊಲೀಸರ ಮೇಲೆ ಅವರ ಹಿಡಿತ ಅಷ್ಟೇ ಇತ್ತು. ಮಾಲುಕು ಶಾಂತಿ ಒಪ್ಪಂದ ಆದದ್ದು 2002ರ ಫೆಬ್ರುವರಿಯಲ್ಲಿ, ಅವರು ಕೆಳಗಿಳಿದ ಮೇಲೆ.

ಕಡೆಯ ಕಾನೂನು ಹೋರಾಟ 1965ರ ಧರ್ಮನಿಂದನೆ ಕಾನೂನಿನ ವಿರುದ್ಧ. ದೇವರಿಗೆ ಮನುಷ್ಯನ ರಕ್ಷಣೆ ಬೇಕಿಲ್ಲ ಎಂಬ ಅರ್ಥದ ತಲೆಬರಹವಿಟ್ಟು 1982ರಲ್ಲೇ ಟೆಂಪೊ ವಾರಪತ್ರಿಕೆಗೆ ಅಂಕಣ ಬರೆದಿದ್ದವರು ಅವರು. ಕಾನೂನನ್ನು ಪ್ರಶ್ನಿಸಿ ಸಂವಿಧಾನ ನ್ಯಾಯಾಲಯಕ್ಕೆ 2009ರಲ್ಲಿ ಸಲ್ಲಿಸಿದ ಅರ್ಜಿಗೆ ಮಾನವ ಹಕ್ಕು ಸಂಘಟನೆಗಳ ಜೊತೆ ಅವರೂ ಸಹಿ ಹಾಕಿದರು. ಆ ವರ್ಷದ ಡಿಸೆಂಬರ್ 30ರಂದು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು.