ಸಾಕ್ಷಿಯನ್ನು ತಿರುಗಿಸಿದವರತ್ತ ಕಾನೂನು ತಿರುಗಿದ ಕಥೆ

ಸಾಕ್ಷಿ ಉಲ್ಟಾ ಹೊಡೆದ ಅಂತ ಸುದ್ದಿ ಬಂದಾಗ ನಾವು ಮೊದಲು ಬೈಯುವುದು ಆ ಸಾಕ್ಷಿಯನ್ನೇ. ದುಡ್ಡು ತಿಂದಿರಬೇಕು, ಇಲ್ಲಾ ಹೆದರಿರಬೇಕು ಅಂದುಬಿಡುತ್ತೇವೆ. ದುಡ್ಡು ಕೊಟ್ಟವರು ಯಾರು, ಹೆದರಿಸಿದವರು ಯಾರು ಅಂತ ಕೇಳುವವರು ಕಮ್ಮಿ. ಕಾನೂನಿಗೂ ಆ ಪ್ರಶ್ನೆ ಗಟ್ಟಿಯಾಗಿ ಕೇಳಲು ಬಹಳ ಕಾಲ ಹಿಡಿಯಿತು.

ಸುಮಾರು 3,700 ವರ್ಷ ಹಿಂದಿನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದ ಪ್ರಕಾರ, ಪ್ರಾಣಕ್ಕೆ ಕುತ್ತಾಗುವ ಮೊಕದ್ದಮೆಯಲ್ಲಿ ಸುಳ್ಳು ಸಾಕ್ಷಿ ಹೇಳಿದವನಿಗೆ ಸಾವೇ ಶಿಕ್ಷೆ. ರೋಮಿನ ಹನ್ನೆರಡು ಫಲಕಗಳ ಕಾನೂನಿನಲ್ಲಿ ಅಂಥವನನ್ನು ಟಾರ್ಪಿಯನ್ ಬಂಡೆಯಿಂದ ಕೆಳಗೆ ತಳ್ಳುತ್ತಿದ್ದರು. ಎರಡೂ ಕಡೆ ಸಿಟ್ಟೆಲ್ಲ ಸುಳ್ಳು ಹೇಳಿದವನ ಮೇಲೆ.

1563ರ ಇಂಗ್ಲೆಂಡಿನ ಕಾಯ್ದೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದರಲ್ಲಿ ಸುಳ್ಳು ಹೇಳಿದವನಿಗೆ 20 ಪೌಂಡ್ ದಂಡ, ಹೇಳಿಸಿದವನಿಗೆ 40. ಹೇಳಿಸಿದವನ ಪಾಪ ದುಪ್ಪಟ್ಟು ಅಂತ ಕೊನೆಗೂ ಒಬ್ಬರು ಲೆಕ್ಕ ಹಾಕಿದರು! ಆದರೆ ಸುಳ್ಳು ಹೇಳಿಸಿದ ಅಪರಾಧ ರುಜುವಾಗಲು ಸಾಕ್ಷಿ ಪ್ರಮಾಣ ಮಾಡಿ ಸುಳ್ಳು ಹೇಳಿರಲೇಬೇಕಿತ್ತು. ಸಾಕ್ಷಿ ಕೋರ್ಟಿಗೇ ಬರದ ಹಾಗೆ ನೋಡಿಕೊಂಡರೆ?

ಅಂಥದ್ದೊಂದು ಪ್ರಸಂಗ 1870ರ ದಶಕದಲ್ಲಿ ಅಮೆರಿಕದ ಯೂಟಾದಲ್ಲಿ ನಡೆಯಿತು. ಜಾರ್ಜ್ ರೆನಾಲ್ಡ್ಸ್ ಮೇಲೆ ಎರಡನೇ ಮದುವೆಯ ಕೇಸು. ಎರಡನೇ ಹೆಂಡತಿಯೇ ಸಾಕ್ಷಿ. ಸಮನ್ಸ್ ಹಿಡಿದು ಅಧಿಕಾರಿ ಮನೆ ಬಾಗಿಲಿಗೆ ಹೋದ. ಅವಳು ಮನೆಯಲ್ಲಿಲ್ಲ ಅಂದ ರೆನಾಲ್ಡ್ಸ್. ಎಲ್ಲಿದ್ದಾಳೆ ಅಂದರೆ, ನೀವೇ ಹುಡುಕಿಕೊಳ್ಳಿ ಅನ್ನುವ ಉತ್ತರ. ಈ ಕೇಸಿನಲ್ಲಿ ಅವಳು ಬರುವುದಿಲ್ಲ ಅಂತಲೂ ಹೇಳಿಬಿಟ್ಟ. ಕೋರ್ಟು ಸುಮ್ಮನಾಗಲಿಲ್ಲ. ಹಿಂದಿನ ವಿಚಾರಣೆಯಲ್ಲಿ ಆಕೆ ಕೊಟ್ಟಿದ್ದ ಹೇಳಿಕೆಯನ್ನೇ ಓದಿಸಿತು. ತಾನು ಮಾಡಿದ ತಪ್ಪಿನಿಂದ ತಾನೇ ಲಾಭ ಪಡೆಯಲು ಯಾರಿಗೂ ಬಿಡಬಾರದು ಅಂತ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು.

ಅದೇ ಅಮೆರಿಕದಲ್ಲಿ 1982ರಲ್ಲಿ ಸಾಕ್ಷಿಗಳ ರಕ್ಷಣೆಗೆ ಹೊಸ ಕಾಯ್ದೆ ಬಂತು. ಬೆದರಿಸುವ ಪ್ರಯತ್ನ ಮಾಡಿದರೂ ಸಾಕು, ಅಪರಾಧ. ಸಾಕ್ಷಿ ಬಗ್ಗದೆ ನಿಂತರೂ, ಕೇಸು ಇನ್ನೂ ಶುರುವಾಗದಿದ್ದರೂ ಬೆದರಿಸಿದವನಿಗೆ ಬಿಡುಗಡೆ ಇಲ್ಲ. ಬಲಪ್ರಯೋಗದ ಪಕ್ಕದಲ್ಲೇ ಅದು ದಾರಿ ತಪ್ಪಿಸುವುದನ್ನೂ ಸೇರಿಸಿತು. ಇದು ದೊಡ್ಡ ಹೆಜ್ಜೆ. ಹೊಡೆದರೆ ಗಾಯ ಕಾಣುತ್ತದೆ, ಬೆದರಿಸಿದರೆ ಸಾಕ್ಷಿಗೆ ಗೊತ್ತಾಗುತ್ತದೆ. ಮೋಸ ಹಾಗಲ್ಲ. ತಾರೀಕು ಮುಂದಕ್ಕೆ ಹೋಗಿದೆ, ನೀವು ಬರುವುದು ಬೇಡ ಅಂತ ಯಾರೋ ಫೋನ್ ಮಾಡುತ್ತಾರೆ. ಸಾಕ್ಷಿ ನಂಬಿ ಮನೆಯಲ್ಲೇ ಉಳಿಯುತ್ತಾರೆ. ತಮ್ಮನ್ನು ಯಾರೋ ಬಳಸಿಕೊಂಡರು ಅನ್ನುವುದೇ ಅವರಿಗೆ ತಿಳಿದಿರುವುದಿಲ್ಲ.

ಭಾರತದಲ್ಲಿ 1860ರ ದಂಡ ಸಂಹಿತೆ ಸುಳ್ಳು ಸಾಕ್ಷಿಗೆ ಶಿಕ್ಷೆ ಇಟ್ಟಿತ್ತು. ಬೆದರಿಸಿ ಸುಳ್ಳು ಹೇಳಿಸುವುದಕ್ಕೇ ಮೀಸಲಾದ 195ಎ ಕಲಂ ಸೇರಿದ್ದು ಮಾತ್ರ 2005ರ ತಿದ್ದುಪಡಿಯಲ್ಲಿ. 7 ವರ್ಷದವರೆಗೆ ಜೈಲು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂ. ನಡುವಿನ ಸುಮಾರು ಒಂದೂವರೆ ಶತಮಾನದಲ್ಲಿ ಎಷ್ಟು ಜನ ಹೆದರಿ ಮಾತು ನುಂಗಿಕೊಂಡಿರಬಹುದು, ನೆನೆದರೆ ಸಂಕಟವಾಗುತ್ತದೆ.

ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೂ ಈ ಪಿಡುಗು ತಪ್ಪಲಿಲ್ಲ. ಕಾಂಗೋದ ನಾಯಕ ಜಾನ್ ಪಿಯರ್ ಬೆಂಬಾ ಯುದ್ಧಾಪರಾಧದ ಕೇಸಿನಲ್ಲಿ ಅಲ್ಲಿ ಬಂಧನದಲ್ಲಿದ್ದರು. ವಕೀಲರ ಜತೆ ಗುಟ್ಟಾಗಿ ಮಾತಾಡಲೆಂದು ಕೊಟ್ಟ ಫೋನ್ ಲೈನ್ ಸಾಕ್ಷಿಗಳನ್ನು ತಲುಪಲು ಬಳಕೆಯಾಯಿತು. ಸಾಕ್ಷಿಗಳ ಕೈಗೆ ದುಡ್ಡು ಬಂತು, ಗುಟ್ಟಾಗಿ ಮೊಬೈಲ್ ಬಂತು, ಏನು ಹೇಳಬೇಕು ಅನ್ನುವ ಪಾಠವೂ ಆಯಿತು. ಅಂಥ ಸಾಕ್ಷಿಗಳು ಒಟ್ಟು 14. ಬೆಂಬಾ ಮತ್ತು ಅವರ ಕಡೆಯ ನಾಲ್ವರು ತಪ್ಪಿತಸ್ಥರು ಅಂತ 2016ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2018ರ ಜೂನ್‌ನಲ್ಲಿ ಯುದ್ಧಾಪರಾಧದ ಕೇಸಿನಿಂದ ಬೆಂಬಾ ಖುಲಾಸೆಯಾದರು. ಸಾಕ್ಷಿಗಳ ಕೇಸು ಮಾತ್ರ ಅವರನ್ನು ಬಿಡಲಿಲ್ಲ: ಒಂದು ವರ್ಷ ಜೈಲು, 3 ಲಕ್ಷ ಯೂರೋ ದಂಡ.