ಅಂಗಾಲಿನ ಕಪ್ಪು ಕಲೆ ಮತ್ತು ಮುಪ್ಪಿಗೆ ದಕ್ಕಿದ ಮದ್ದು

ದೊಡ್ಡಮ್ಮನ ಎಡ ಅಂಗಾಲಿನಲ್ಲಿ, ಹಿಮ್ಮಡಿಯ ಹತ್ತಿರ, ಒಂದು ಕಪ್ಪು ಕಲೆ ಇತ್ತು. "ಆಣಿ ಮಾರಾಯ, ಅದಕ್ಕೆಂಥ ಡಾಕ್ಟ್ರು?" ಅನ್ನುತ್ತಲೇ ಎರಡು ಮಳೆಗಾಲ ಕಳೆದರು. ಗೇರು ಸಿಪ್ಪೆಯ ಎಣ್ಣೆ ಹಚ್ಚಿದರು, ಬ್ಲೇಡಿನಿಂದ ಹೆರೆದರು. ಒಬ್ಬ ವೈದ್ಯರು ಕಾಲು ಎತ್ತಿಸಿ ನೋಡದೆಯೇ ಮುಲಾಮು ಬರೆದುಕೊಟ್ಟರು. ಕೊನೆಗೆ ಸಕ್ಕರೆ ಕಾಯಿಲೆ ತೋರಿಸಲು ಉಡುಪಿಗೆ ಹೋದಾಗ ಪಾದ ಪರೀಕ್ಷಿಸಿದ ಇನ್ನೊಬ್ಬರು, ಚರ್ಮದ ಕ್ಯಾನ್ಸರ್ ಇರಬಹುದಾ ಎಂದು ತಿಳಿಯಲು ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಲು ಹೇಳಿದರು. ಆಗ ದೊಡ್ಡಮ್ಮನಿಗೆ 78 ವರ್ಷ. ವರದಿ ಬರುವ ತನಕ ಮನೆಯವರೆಲ್ಲ ಕೇಳುತ್ತಿದ್ದದ್ದು ಒಂದೇ: ಈ ವಯಸ್ಸಲ್ಲಿ ಮದ್ದು ತಡೆದುಕೊಳ್ಳುತ್ತಾರಾ?

ಸುಮ್ನೆ ಕೂರಲಾಗದೆ ನಾನು ಓದತೊಡಗಿದೆ. ಮೊದಲು ಗೊತ್ತಾದದ್ದು, ನಮ್ಮಂಥ ಕಪ್ಪು, ಗೋಧಿ ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಅಪರೂಪ, ಆದರೆ ಬರುವ ದಾರಿಯೇ ಬೇರೆ. ಬಿಳಿಯರಿಗೆ ಬಿಸಿಲು ಬಿದ್ದ ಮುಖ, ಕತ್ತು, ಬೆನ್ನಿನಲ್ಲಿ ಬರುತ್ತದೆ. ನಮಗೆ ಹಳೆಯ ಸುಟ್ಟ ಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಬರಬಹುದು. ಪಂಚೆ ಬಿಗಿಯಾಗಿ ಕಟ್ಟುವ ಸೊಂಟದ ಜಾಗದಲ್ಲಿ ಬರುವುದನ್ನು ಮುಂಬೈಯ ವೈದ್ಯ ವಿ.ಆರ್. ಖಾನೋಲ್ಕರ್ 1945ರಲ್ಲೇ ವಿವರಿಸಿದ್ದರು. ಇವುಗಳಲ್ಲೆಲ್ಲ ಕೆಟ್ಟದ್ದು ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದು ನಮ್ಮವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ ಹುಡುಕಿಕೊಂಡು ಬರುತ್ತದೆ. ಬಿಸಿಲೇ ಬೀಳದ ಜಾಗ, ಯಾರೂ ನೋಡದ ಜಾಗ.

ಮದ್ದಿನ ಕಥೆ ಶುರುವಾಗುವುದು ಒಂದು ವಿಪರ್ಯಾಸದಿಂದ. 1786ರಲ್ಲಿ ಥಾಮಸ್ ಫೌಲರ್ ಎಂಬ ಇಂಗ್ಲಿಷ್ ವೈದ್ಯರು ಪಾಷಾಣದ, ಅಂದರೆ ಆರ್ಸೆನಿಕ್‌ನ, ಹನಿಮದ್ದನ್ನು ಪ್ರಚಾರಕ್ಕೆ ತಂದರು. ಮುಂದೆ ನೂರು ವರ್ಷ ಅದನ್ನು ಚರ್ಮದ ಕಾಯಿಲೆಗಳಿಗೆ ಕುಡಿಸಿದರು. ಆಮೇಲೆ ನೋಡಿದರೆ, ಹಾಗೆ ಕುಡಿದವರಿಗೇ ಅಂಗೈ ಅಂಗಾಲು ಒರಟಾಗಿ ಚರ್ಮದ ಕ್ಯಾನ್ಸರ್ ಬರುತ್ತಿತ್ತು!

ನಿಜವಾಗಿ ಹಿರಿಯರಿಗೆ ಒಗ್ಗಿದ ಮೊದಲ ಮದ್ದು ಒಂದು ಮುಲಾಮು. 1957ರಲ್ಲಿ ಬಂದ ಫೈವ್ ಫ್ಲೋರೋಯುರಾಸಿಲ್ ಅನ್ನು ಬೇರೆ ಕ್ಯಾನ್ಸರ್‌ಗಳಿಗೆ ಇಂಜೆಕ್ಷನ್ ಆಗಿ ಕೊಡುತ್ತಿದ್ದರು. ಆಗ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ರೋಗಿಗಳ ಚರ್ಮದಲ್ಲಿ ಬಿಸಿಲಿನಿಂದ ಒರಟಾಗಿದ್ದ ಕಲೆಗಳು ಕೆಂಪಾಗಿ ಊದಿ, ಉದುರಿ ಹೋಗುತ್ತಿದ್ದವು. ಹಾಗಾದರೆ ನೇರ ಅಲ್ಲಿಗೇ ಹಚ್ಚಿದರೆ? ಹೀಗೆ ಮುಲಾಮು ಬಂತು. ಕ್ಯಾನ್ಸರ್ ಆಗುವ ಮುಂಚಿನ ಕಲೆಗಳಿಗೆ, ಮೇಲ್ಪದರದಲ್ಲೇ ಉಳಿದ ಬೇಸಲ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್‌ಗೆ ಅದು ಈಗಲೂ ನಡೆಯುತ್ತದೆ. ಕತ್ತಿ ಬೇಡ, ಅರಿವಳಿಕೆ ಬೇಡ. ತೊಂದರೆ ಅಂದರೆ, ಹಚ್ಚಿದ ಜಾಗ ಕೆಲವು ವಾರ ಕೆಂಪಾಗಿ, ಹುಣ್ಣಾಗಿ ಉರಿಯುತ್ತದೆ. ಮದ್ದು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ತಪ್ಪೂ ಅಲ್ಲ, ಗಾಬರಿ ಆಗುತ್ತದೆ ಅಲ್ವಾ?

ಹರಡಿದ ಮೆಲನೋಮಕ್ಕೆ ಮಾತ್ರ ದಶಕಗಳ ಕಾಲ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. 1975ರಲ್ಲಿ ಅಮೆರಿಕದಲ್ಲಿ ಡಕಾರ್ಬಜಿನ್ ಎಂಬ ಕಿಮೋ ಮದ್ದಿಗೆ ಒಪ್ಪಿಗೆ ಸಿಕ್ಕಿತು. ಗಡ್ಡೆ ಕುಗ್ಗುತ್ತಿದ್ದದ್ದು ನೂರರಲ್ಲಿ ಹತ್ತಿಪ್ಪತ್ತು ಜನರಿಗೆ, ಅದೂ ಸ್ವಲ್ಪ ಕಾಲ. 1998ರಲ್ಲಿ ಬಂದ ಇಂಟರ್‌ಲ್ಯೂಕಿನ್ ಕೆಲವರಿಗೆ ಚೆನ್ನಾಗಿಯೇ ಹಿಡಿಯಿತು. ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ರಕ್ತದೊತ್ತಡ ಕುಸಿಯುತ್ತದೆ, ಹೃದಯ ಗಟ್ಟಿ ಇರಬೇಕು. 75 ದಾಟಿದವರಿಗೆ ಅದು ಹೆಸರಿಗಷ್ಟೇ ಮದ್ದು. "ಈ ವಯಸ್ಸಲ್ಲಿ ಕಿಮೋ ಯಾಕೆ, ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತು ಹುಟ್ಟಿದ್ದು ಆ ಕಾಲದ ಅನುಭವದಿಂದ. ಮದ್ದು ಬದಲಾದ ಮೇಲೂ ಮಾತು ಬದಲಾಗಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಬೇಸಲ್ ಸೆಲ್ ಕ್ಯಾನ್ಸರ್‌ನ ಮಾತ್ರೆ ಬಂದದ್ದು ಕುರಿಗಳಿಂದ. 1950ರ ದಶಕದಲ್ಲಿ ಅಮೆರಿಕದ ಐಡಾಹೋದಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟತೊಡಗಿದವು. ತಾಯಿ ಕುರಿಗಳು ಗಬ್ಬದಲ್ಲಿ ಒಂದು ಕಾಡುಗಿಡ ಮೇಯುತ್ತಿದ್ದವು. ಅದರೊಳಗಿನ ವಿಷಕ್ಕೆ ಸೈಕ್ಲೋಪಮಿನ್ ಎಂದು ಹೆಸರಿಟ್ಟರು. ಹೆಡ್ಜ್‌ಹಾಗ್ ಎಂಬ, ಜೀವಕೋಶ ಬೆಳೆಯಲು ಸೂಚನೆ ಕೊಡುವ ದಾರಿಯನ್ನು ಅದು ಮುಚ್ಚುತ್ತದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಬೇಸಲ್ ಸೆಲ್ ಕ್ಯಾನ್ಸರ್ ಬೆಳೆಯುವುದೂ ಅದೇ ದಾರಿಯಿಂದ. 2012ರಲ್ಲಿ ವಿಸ್ಮೊಡೆಗಿಬ್ ಎಂಬ ಮಾತ್ರೆ ಬಂತು. ಗಡ್ಡೆ ಕುಗ್ಗಿಸುತ್ತದೆ, ನಿಜ. ಆದರೆ ಮೀನಖಂಡ ಸೆಟೆಯುತ್ತದೆ, ಕೂದಲು ಉದುರುತ್ತದೆ, ಬಾಯಿರುಚಿ ಹೋಗುತ್ತದೆ. ಗಂಜಿ ಉಪ್ಪಿನಕಾಯಿಯೂ ರುಚಿಸದಿದ್ದರೆ ಹಿರಿಯರು ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ. ಲೆಕ್ಕ ಹಾಕುವಾಗ ಇದನ್ನೂ ಹಾಕಬೇಕು.

ಮೆಲನೋಮದ ಮದ್ದಿನಲ್ಲಿ ದೊಡ್ಡ ತಿರುವು ಬಂದದ್ದು 2011ರಲ್ಲಿ. ಕ್ಯಾನ್ಸರನ್ನು ಕೊಲ್ಲುವ ಬದಲು, ದೇಹದ ಕಾವಲು ಕೋಶಗಳ ಬ್ರೇಕ್ ಸಡಿಲಿಸುವ ಮದ್ದು ಇಪಿಲಿಮುಮಾಬ್ ಬಂತು. 2014ರಲ್ಲಿ ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಬಂದವು. ಬ್ರೇಕ್ ಕಂಡುಹಿಡಿದು ಬಿಡಿಸಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಅದೇ ವರ್ಷ ಹರಡಿದ ಸ್ಕ್ವೇಮಸ್ ಸೆಲ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್‌ಗೆ ಸೆಮಿಪ್ಲಿಮಾಬ್ ಬಂತು.

ಮುದುಕರ ಮೈಯಲ್ಲಿ ಇವು ನಡೆಯುತ್ತವಾ? ಲೋಕಕ್ಕೆಲ್ಲ ಕಾಣುವಂತೆ ಉತ್ತರ ಕೊಟ್ಟವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 2015ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ, ಮೆಲನೋಮ ಲಿವರ್‌ಗೂ ಮೆದುಳಿಗೂ ಹರಡಿದೆ ಎಂದು ಅವರೇ ಹೇಳಿದರು. ಲಿವರ್‌ಗೆ ಶಸ್ತ್ರಚಿಕಿತ್ಸೆ, ಮೆದುಳಿಗೆ ರೇಡಿಯೇಷನ್, ಜೊತೆಗೆ ಪೆಂಬ್ರೊಲಿಜುಮಾಬ್. ಡಿಸೆಂಬರ್ ಹೊತ್ತಿಗೆ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅವರು ತೀರಿಕೊಂಡದ್ದು 2024ರಲ್ಲಿ, 100 ತುಂಬಿದ ಮೇಲೆ. ಒಬ್ಬರ ಕಥೆಯೇ ಸಾಕ್ಷಿ ಅಲ್ಲ, ಆದರೂ ವಯಸ್ಸೊಂದೇ ಅಡ್ಡಿ ಅನ್ನುವ ಮಾತು ಆ ಮೇಲೆ ಮೊದಲಿನಂತೆ ಉಳಿಯಲಿಲ್ಲ.

ಹಾಗಂತ ಕಾರ್ಟರ್ ಕಥೆಯನ್ನು ಹಾಗೇ ನಮ್ಮ ಕರಾವಳಿಗೆ ತಂದು ಇಡುವಂತಿಲ್ಲ. ಬಿಸಿಲಿನಿಂದ ಹುಟ್ಟಿದ ಮೆಲನೋಮದಲ್ಲಿ ಜೀನ್‌ಗಳ ಏರುಪೇರು ಜಾಸ್ತಿ, ಹಾಗಾಗಿ ಕಾವಲು ಕೋಶಗಳಿಗೆ ಅದು ಬೇಗ ಗುರುತು ಸಿಗುತ್ತದೆ. ಅಂಗಾಲಿನದ್ದರಲ್ಲಿ ಕಡಿಮೆ. ಈ ಮದ್ದುಗಳಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಬೀರಾಫ್ ಎಂಬ ಜೀನ್ ಕೆಟ್ಟಿದ್ದರೆ ಕೊಡುವ ಮಾತ್ರೆಗಳಿವೆ, ಆ ಜೀನ್ ಕೆಟ್ಟಿರುವುದೂ ಅಂಗಾಲಿನ ಗಡ್ಡೆಗಳಲ್ಲಿ ಕಡಿಮೆ.

ಬ್ರೇಕ್ ಬಿಟ್ಟ ಕಾವಲು ಕೋಶಗಳು ನಮ್ಮ ಮೈಯನ್ನೇ ಕಚ್ಚುವುದೂ ಉಂಟು. ಥೈರಾಯ್ಡ್ ಏರುಪೇರು, ಭೇದಿ, ಶ್ವಾಸಕೋಶದ ಊತ. ನಮ್ಮ ಊರಿನ ಮಟ್ಟಿಗೆ ಇದು ಮುಖ್ಯ. ಜುಲೈ ತಿಂಗಳಲ್ಲಿ ಅಜ್ಜ ಕೆಮ್ಮಿದರೆ ಮಳೆಗಾಲದ ಕೆಮ್ಮು ಅನ್ನುತ್ತೇವೆ, ಕಷಾಯ ಕುದಿಸುತ್ತೇವೆ. ಈ ಮದ್ದು ತೆಗೆದುಕೊಂಡವರ ಕೆಮ್ಮು, ಭೇದಿಯನ್ನು ಹಾಗೆ ಬಿಡುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ಮದ್ದು ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾಗಬಹುದು.

ಇನ್ನು ದುಡ್ಡು. ಎರಡು ಮೂರು ವಾರಕ್ಕೊಮ್ಮೆ ಹಾಕಬೇಕಾದ ಡ್ರಿಪ್, ವರ್ಷಗಟ್ಟಲೆ, ಲಕ್ಷಗಳ ಲೆಕ್ಕ. ಜಾಗ ಮಾರಬೇಕಾ ಎಂಬ ಮಾತು ಬರುತ್ತದೆ. ಇಲ್ಲಿ ದಾರಿ ತೋರಿಸಿದ್ದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ. ಬಾಯಿ, ಗಂಟಲಿನ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕೆಲವರಿಗೆ ಅಗ್ಗದ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟರು. ವಾಡಿಕೆಯ ಡೋಸ್ ಎರಡು ವಾರಕ್ಕೆ 240. ಒಂದು ವರ್ಷದ ನಂತರ ಬರೀ ಮಾತ್ರೆಯವರಲ್ಲಿ ನೂರಕ್ಕೆ 16 ಮಂದಿ ಬದುಕಿದ್ದರೆ, ಇವರಲ್ಲಿ 43. ಅದು ಚರ್ಮದ ಕ್ಯಾನ್ಸರ್‌ನ ಪ್ರಯೋಗ ಅಲ್ಲ, ಹಾಗಾಗಿ ಅದೇ ಡೋಸನ್ನು ಇಲ್ಲಿಗೆ ಎಳೆದು ತರಲಾಗದು. ಆದರೆ ದೊಡ್ಡ ಡೋಸೇ ಬೇಕಾ ಎಂದು ಕೇಳಬಹುದು ಅಂತ ಅದು ತೋರಿಸಿತು.

ದೊಡ್ಡಮ್ಮನ ವರದಿ ಬಂತು. ಮೆಲನೋಮವೇ. ಆದರೆ ಮೇಲ್ಪದರ ಬಿಟ್ಟು ಇಳಿದಿರಲಿಲ್ಲ. ಸುತ್ತ ಜಾಗ ಬಿಟ್ಟು ಕತ್ತರಿಸಿ, ತೊಡೆಯ ಚರ್ಮ ತಂದು ಹೊದಿಸಿದರು. ನಾನು ಓದಿಟ್ಟುಕೊಂಡ ಮದ್ದುಗಳಲ್ಲಿ ಒಂದೂ ಬೇಕಾಗಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗುವಾಗ ಈಗ ಅವರೇ ಎರಡೂ ಅಂಗಾಲು ಎತ್ತಿ ಹಿಡಿಯುತ್ತಾರೆ. ಡಾಕ್ಟರು ಕೇಳುವ ಮೊದಲೇ.