ಅಗ್ನಿಶಾಮಕ ವಾಹನ ಅಂಗಳಕ್ಕೆ ಬರುವವರೆಗೆ: ಊರಿನ ಸ್ವಯಂಸೇವಕರಿಗೊಂದು ಅಧ್ಯಯನ ಟಿಪ್ಪಣಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಹಳ್ಳಿಗಳಲ್ಲಿ ಮನೆಗಳು ಚದುರಿಕೊಂಡಿವೆ. ತೋಟದ ತಲೆಯಲ್ಲಿ ಒಂದಿದ್ದರೆ ಗುಡ್ಡದಾಚೆ ಇನ್ನೊಂದು. 101 ಅಥವಾ 112ಕ್ಕೆ ಕರೆ ಹೋದ ಕೂಡಲೇ ಠಾಣೆಯಿಂದ ವಾಹನ ಹೊರಟರೂ, ಡಾಂಬರು ಮುಗಿದ ಮೇಲಿನ ಮಣ್ಣುರಸ್ತೆಯನ್ನೂ ತಿರುವುಗಳನ್ನೂ ದಾಟಿ ಅದು ಅಂಗಳ ತಲುಪುವವರೆಗಿನ ಹೊತ್ತು ಮನೆಯವರ ಮತ್ತು ನೆರೆಯವರ ಕೈಯಲ್ಲೇ ಇರುತ್ತದೆ. ಸ್ವಯಂಸೇವಕರಾಗಿ ನಾವು ಮೊದಲು ಕಲಿಯಬೇಕಾದದ್ದು ಆ ಹೊತ್ತಿನ ಕೆಲಸವನ್ನು.

ಊರಿನವರೇ ಸೇರಿ ಬೆಂಕಿ ಆರಿಸುವ ದಳ ಕಟ್ಟಿಕೊಳ್ಳುವ ರೂಢಿ ಹಳೆಯದು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯ ಸದಸ್ಯರು ನೀರಿಗೆ ಚರ್ಮದ ಬಕೆಟ್ಟುಗಳನ್ನೂ, ಮನೆಯ ಸಾಮಾನು ತುಂಬಿ ಹೊರಗೆ ಸಾಗಿಸಲು ಚೀಲಗಳನ್ನೂ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿ ಅಗ್ನಿಶಾಮಕ ಸೇವೆ ರಾಜ್ಯ ಸರ್ಕಾರದ ಇಲಾಖೆಯದು. ಗೃಹರಕ್ಷಕ ದಳದಂಥ ಸ್ವಯಂಸೇವಾ ವ್ಯವಸ್ಥೆ ಅದಕ್ಕೆ ಹೆಗಲು ಕೊಡುತ್ತದೆ.

ಇಂಧನ, ಶಾಖ, ಆಮ್ಲಜನಕ ಈ ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಬೆಂಕಿ ನಿಲ್ಲುತ್ತದೆ. ಯಾವ ಬೆಂಕಿಯಿಂದ ಯಾವುದನ್ನು ಕಿತ್ತುಕೊಳ್ಳಬೇಕು ಎಂಬಲ್ಲೇ ತಪ್ಪಾಗುವುದು. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ನೀರು ಸುರಿದರೆ, ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೂ ಎರಚುತ್ತದೆ. ಒಲೆ ಆರಿಸಿ, ಬಾಣಲೆಯನ್ನು ಇದ್ದಲ್ಲೇ ಬಿಟ್ಟು, ಪಕ್ಕದಿಂದ ತಟ್ಟೆಯನ್ನು ಸರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆಯದಿರುವುದೇ ಸರಿಯಾದ ದಾರಿ. ವಿದ್ಯುತ್ತಿನ ಬೆಂಕಿಗೂ ನೀರು ಸಲ್ಲದು. ಮೊದಲು ಮೇನ್ ಸ್ವಿಚ್ ಕೆಳಗಾಗಬೇಕು.

ಅನಿಲದ ವಿಷಯವನ್ನು ನಮ್ಮ ಭಾಗದವರು ಇನ್ನಷ್ಟು ಗಮನವಿಟ್ಟು ಓದಬೇಕು, ಏಕೆಂದರೆ ಇಲ್ಲಿನ ಅನೇಕ ಅಡುಗೆಮನೆಗಳಲ್ಲಿ 14.2 ಕಿಲೋ ಸಿಲಿಂಡರಿನ ಜೊತೆಗೆ ಗೋಬರ್ ಗ್ಯಾಸಿನ ಒಲೆಯೂ ಇರುತ್ತದೆ, ಮತ್ತು ಎರಡರ ನಡತೆಯೂ ಬೇರೆ. ಪ್ರೋಪೇನ್ ಮತ್ತು ಬ್ಯೂಟೇನ್ ಸೇರಿದ ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆಯಲೇಬೇಕು. ಮಿಥೇನ್ ಹೆಚ್ಚಿರುವ ಗೋಬರ್ ಗ್ಯಾಸು ಸಾಮಾನ್ಯವಾಗಿ ಗಾಳಿಗಿಂತ ತುಸು ಹಗುರ, ಹಾಗಾಗಿ ಅಟ್ಟದ ಕಡೆಗೂ ಗಾಳಿಯಾಡಬೇಕು. ಎರಡರಲ್ಲೂ ವಾಸನೆ ಬಂದ ಕೂಡಲೇ ಯಾವ ಸ್ವಿಚ್ಚನ್ನೂ, ಆರಿಸುವುದಕ್ಕೂ ಸಹ, ಮುಟ್ಟಬಾರದು. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರೂ ಹೊರಗೆ ಬಂದ ಮೇಲೆ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಸೋರುವ ಅನಿಲಕ್ಕೆ ಬೆಂಕಿ ಹತ್ತಿದ್ದರೆ, ಅನಿಲ ನಿಲ್ಲಿಸದೆ ಜ್ವಾಲೆಯನ್ನಷ್ಟೇ ಆರಿಸುವುದು ಅಪಾಯ. ಉರಿಯದ ಅನಿಲ ಕೋಣೆ ತುಂಬಿ ಮತ್ತೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ಇಸವಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್. ಮುಂದಿನ ಅಕ್ಷರಗಳು ಮೂರು ಮೂರು ತಿಂಗಳಿನವು. ಸಿಲಿಂಡರನ್ನು ಮರುಪರೀಕ್ಷೆ ಮಾಡಬೇಕಾದ ಅವಧಿ ಅದು, ದಾಟಿದ್ದರೆ ಹಿಂತಿರುಗಿಸಿ.

ಬಚ್ಚಲ ಒಲೆಯನ್ನು ಯಾವ ಪಾಠವೂ ಸಾಕಷ್ಟು ಹೇಳುವುದಿಲ್ಲವೆಂದು ನನಗನಿಸುತ್ತದೆ. ನಮ್ಮ ಮನೆಯಲ್ಲಿ ಒಂದು ಕೊಯ್ಲಿನ ಕಾಲದಲ್ಲಿ, ಒಲೆಯ ಬಾಯಿಯ ಪಕ್ಕದ ಅಡಿಕೆ ಸಿಪ್ಪೆಯ ರಾಶಿಗೆ ಕೆಂಡ ಸಿಡಿದಿತ್ತು. ಎರಡು ಕೊಡ ನೀರು ಹಾಕಿ, ಮೇಲ್ಭಾಗ ಕಪ್ಪಾಗಿ ತಣಿದದ್ದನ್ನು ನೋಡಿ ಮಲಗಿದೆವು. ಬೆಳಗಿನ ಜಾವಕ್ಕೆ ಹೊಗೆ ಜಗಲಿಗೆ ಬಂದಾಗ ರಾಶಿಯ ಹೊಟ್ಟೆ ಕೆಂಪಗಿತ್ತು. ಸಿಪ್ಪೆ, ದರಕು (ಒಣಗಿದ ಎಲೆ), ಹುಲ್ಲಿನ ಬಣವೆ ಇವುಗಳ ಬೆಂಕಿ ಒಳಗೊಳಗೇ ಉಳಿಯುತ್ತದೆ. ಗುದ್ದಲಿಯಿಂದ ಎಳೆದು, ಹರವಿ, ಪದರ ಪದರವಾಗಿ ನೆನೆಸಿ, ಕೈಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಆರಿತೆನ್ನಬೇಕು.

ಮನೆ ಹೊಗೆ ತುಂಬಿದರೆ ಒಳಗಿನವರು ನೆಲಕ್ಕೆ ಹತ್ತಿರವಾಗಿ ಅಂಬೆಗಾಲಿನಲ್ಲಿ ಹೊರಬರಬೇಕು. ಹೊರಗೆ ನಾವು ತಲೆ ಎಣಿಸಬೇಕು. ಒಳಗೆ ಯಾರೋ ಇದ್ದಾರೆಂದು ಗೊತ್ತಾದರೂ, ಉಸಿರಾಟದ ಸಾಧನವಿಲ್ಲದ ಸ್ವಯಂಸೇವಕ ದಟ್ಟ ಹೊಗೆಗೆ ನುಗ್ಗಬಾರದು. ಇದನ್ನು ಒಪ್ಪುವುದು ಮನಸ್ಸಿಗೆ ಕಷ್ಟ, ಆದರೆ ಕಾರ್ಬನ್ ಮಾನಾಕ್ಸೈಡ್ ಕೆಲವೇ ಉಸಿರಿನಲ್ಲಿ ಗಟ್ಟಿ ಆಳನ್ನೂ ಕೆಡವಬಲ್ಲದು. ಸುಟ್ಟ ಗಾಯಕ್ಕೆ ಮೊದಲು 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು; ಟೂತ್‌ಪೇಸ್ಟ್, ಎಣ್ಣೆ, ಶಾಯಿ ಹಚ್ಚಬಾರದು.

ವಾಹನಕ್ಕಾಗಿ ನಾವು ಮಾಡಿಡಬೇಕಾದ ಕೆಲಸವೂ ಇದೆ. ಒಬ್ಬರು ಟಾರ್ಚು ಹಿಡಿದು ಮುಖ್ಯರಸ್ತೆಯ ಕೂಡಿಗೆಗೆ ಹೋಗಿ ನಿಲ್ಲಬೇಕು, ಇನ್ನೊಬ್ಬರು ವಿದ್ಯುತ್ ಕಂಪನಿ ಹೆಸ್ಕಾಂಗೆ ಕರೆ ಮಾಡಿ ಲೈನ್ ತೆಗೆಸಬೇಕು. ವಾಹನದ ನೀರು ಖಾಲಿಯಾದಾಗ ಪಂಪಿನ ಪೈಪು ಇಳಿಸಬಹುದಾದ ಕೆರೆ ಅಥವಾ ಬಾವಿ ಯಾವುದು, ದಾರಿಯಲ್ಲಿರುವುದು ಬರೀ ಕಾಲುಸಂಕವಾದರೆ ಬಳಸಿ ಬರುವ ರಸ್ತೆ ಎಲ್ಲಿದೆ, ತಂತಿ ಎಲ್ಲಿ ಜೋತುಬಿದ್ದಿದೆ ಎಂಬುದನ್ನು ಮುಂದಿನ ತರಗತಿಯೊಳಗೆ ಪ್ರತಿಯೊಬ್ಬರೂ ತಮ್ಮ ಕೇರಿಯಲ್ಲಿ ನಡೆದು ನೋಡಿ, ಒಂದು ಹಾಳೆಯ ಮೇಲೆ ನಕ್ಷೆ ಬಿಡಿಸಿ ತರಬೇಕು.